ಉದ್ದ ಮೀಸೆಯ ಕಾವಲು

ಬೀರಕ್ಕ, ನೀವಿಲ್ಲದಾಗ ನಿಮ್ಮ ಗದ್ದೆಯ ಬದುವಿಗೆ ಔಷಧಿ ಹೊಡೆದವನು ನಾನು.

ಹೊಡೆದ ಮೇಲೆ ಏನೇನು ಆಗಬಹುದೆಂದು ಊಹಿಸುತ್ತ ಕೂತಿದ್ದೆ — ನಿಮ್ಮ ಎಮ್ಮೆ ಆ ಹುಲ್ಲು ಮೇಯ್ದು ಮಲಗಿಬಿಡಬಹುದು, ಕೋಳಿಗಳು ಸತ್ತ ಹುಳ ಹೆಕ್ಕಿ ಸಾಲಾಗಿ ಉರುಳಬಹುದು, ಮಳೆ ಬಂದು ವಿಷ ಹಳ್ಳಕ್ಕಿಳಿದು ಅಲ್ಲಿನ ಸಿಗಡಿ ಏಡಿಗಳೆಲ್ಲ ತೇಲಬಹುದು, ಪೊಲೀಸರು ನೇರ ಶಾಲೆಗೇ ಬರಬಹುದು, ಆ ಗಾಳಿ ಕುಡಿದ ನಾನೇ ಹಾಜರಿ ಕರೆಯುತ್ತ ಕುಸಿಯಬಹುದು. ಮೂರು ದಿನ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ. ಇವ್ಯಾವುದೂ ಆಗಲಿಲ್ಲ. ಆದದ್ದು ಇಷ್ಟೇ — ಬದುವಿಗೆ ತಾಗಿದ ಒಂದು ಪಟ್ಟಿಯಲ್ಲಿ ತೆನೆ ಬೆಳ್ಳಗೆ, ಜೊಳ್ಳಾಗಿ ನಿಂತಿತು.

ಇಷ್ಟೇ ಎಂದು ಬರೆದುಬಿಟ್ಟೆ. ಅದು ನಿಮ್ಮ ಬೀಜದ ಪಟ್ಟಿಯಾಗಿತ್ತು.

2003ರ ಮಳೆಗಾಲದ ಕೊನೆ. ನಮ್ಮಿಬ್ಬರ ಗಜನಿ ಗದ್ದೆಗಳ ನಡುವೆ ಒಂದೇ ಬದು. ಹಳ್ಳದ ಉಪ್ಪುನೀರು ಬಂದು ಹೋಗುವ ಆ ಮಣ್ಣಿನಲ್ಲಿ ತಾಳಿ ನಿಲ್ಲುತ್ತಿದ್ದದ್ದು ನಿಮ್ಮ ಅತ್ತೆಯ ಕಾಲದಿಂದ ಬಂದ ಕೆಂಪಕ್ಕಿಯ ಬೀಜ ಮಾತ್ರ. ಬೀಜದ ತೆನೆಗಳನ್ನು ನೀವು ಆರಿಸುತ್ತಿದ್ದದ್ದು ಬದುವಿನ ಅಂಚಿನಿಂದಲೇ. ಕೊಯ್ಲಿನವರೆಗೆ ಬದುವಿನ ಹುಲ್ಲಿಗೆ ಕತ್ತಿ ತಾಗಿಸುತ್ತಿರಲಿಲ್ಲ. ನಾನೋ ರಜೆಯ ದಿನದ ರೈತ. ಆ ಹುಲ್ಲಿನಿಂದ ಹಾರುವ ಮಿಡತೆಗಳೆಲ್ಲ ನನ್ನ ಗದ್ದೆಯ ಕಡೆಗೇ ಹಾರುವಂತೆ ಕಾಣುತ್ತಿತ್ತು. ಹುಲ್ಲು ಕೊಯ್ಯಿರೆಂದು ಹೇಳಲು ಬಂದವನಿಗೆ ನೀವು ಹೇಳಿದ್ದು ನೆನಪಿದೆ.

"ಗಿಡ್ಡ ಮೀಸೆದು ಮೇಯುಕೆ ಬಂದದ್ದು, ಮಾಸ್ತರೇ. ಉದ್ದ ಮೀಸೆದು ಕಾಯುಕೆ ಬಂದದ್ದು. ಮಕ್ಳಿಗೆ ಅದ್ನೂ ಕಲ್ಸಿ."

ನಕ್ಕೆ. ಮಿಡತೆ ಬೆಳೆಯ ಶತ್ರು ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವನು — ಆರು ಕಾಲು ಎಣಿಸಿದ್ದೆ, ಮೀಸೆ ನೋಡಿರಲಿಲ್ಲ.

ನೀವು ಮಗಳ ಬಾಣಂತನಕ್ಕೆಂದು ಅವಳ ಊರು ಕಿನ್ನರಕ್ಕೆ ಹೋದಿರಿ. ಮಿಡತೆ ಕೊಲ್ಲುವ ಔಷಧಿಯನ್ನು ನಾನು ಕಾರವಾರದಲ್ಲಿ ಕೊಂಡೆ. ಅಂಕೋಲೆಯಲ್ಲಿ ಕೊಂಡರೆ ನಿಮಗೆ ಗೊತ್ತಾದೀತೆಂಬ ಜಾಗ್ರತೆ. ಬದುವಿಗೂ ಹೊಡೆದೆ, ಅದಕ್ಕೆ ತಾಗಿದ ನಿಮ್ಮ ಪಟ್ಟಿಗೂ. ಮರುದಿನ ಸಂಜೆ ಬದುವಿನಲ್ಲಿ ಚಿರ್ರೆನ್ನುವ ಸದ್ದಿರಲಿಲ್ಲ. ಒಂದು ವಾರದಲ್ಲಿ ಬೆಳ್ಳಕ್ಕಿಗಳೂ ಅಲ್ಲಿ ಇಳಿಯುವುದನ್ನು ಬಿಟ್ಟವು. ನನಗೆ ಸಮಾಧಾನವಾಗಿತ್ತು — ಹೌದು, ಸಮಾಧಾನ.

ಹೊಸ್ತಿನ ಹಬ್ಬಕ್ಕೆ ನೀವು ಮರಳಿದಿರಿ. ಆ ದಿನ ಎಂದಿನಂತೆ ಗದ್ದೆಯ ನಡುವಿನಿಂದ ಹೊಸ ತೆನೆ ತಂದು, ನನ್ನ ಬಾಗಿಲಿಗೂ ಒಂದು ಗೊಂಚಲು ನೀವೇ ಕಟ್ಟಿ ಹೋದಿರಿ. ಆಮೇಲೆ ಬಿಳಿ ತೆನೆ ಕಂಡಿತು. ಒಂದನ್ನು ಎಳೆದಿರಿ, ಸಲೀಸಾಗಿ ಕಿತ್ತು ಬಂತು. ಕಾಂಡದೊಳಗೆ ಹುಳ.

"ಹುಳ ಮೊದ್ಲೂ ಇತ್ತು, ಬೀಜ ತಡೀತಿತ್ತು. ಬೀಜಕ್ಕೆ ವಯಸ್ಸಾಯ್ತು ಕಾಣ್ತದೆ, ಮಾಸ್ತರೇ. ನನ್ನಂಗೇ."

ನಾನು "ಇರಬಹುದು" ಎಂದೆ.

ಔಷಧಿ ಹೊಡೆದದ್ದು ಹೆದರಿಕೆಯ ಕೆಲಸ. ಈ ಒಂದು ಮಾತು ಮಾತ್ರ — ಯೋಚಿಸಿ ಆಡಿದ್ದು.

ಆ ನಂಬಿಕೆಯಲ್ಲೇ ನೀವು ಉಳಿದ ಭತ್ತವನ್ನೆಲ್ಲ ಬೇಯಿಸಿ ಅಕ್ಕಿ ಮಾಡಿಸಿದಿರಿ. ಪೊಟ್ಟಣದ ಬೀಜ ತಂದಿರಿ. ಉಪ್ಪುನೀರು ಏರಿದ ವರ್ಷ ಅದು ಮಲಗಿತು. ಈಗ ಎರಡು ವರ್ಷದಿಂದ ನಿಮ್ಮ ಗದ್ದೆ ಬಿತ್ತದೆ ಬಿದ್ದಿದೆ. ನನ್ನ ಮನೆಯಿಂದ ಅದು ಕಾಣುತ್ತದೆ.

ಔಷಧಿ ಹೊಡೆದ ಮರುವರ್ಷವೇ ನನಗೆ ನಿಜ ಗೊತ್ತಾಗಿತ್ತು. ಬದುವಿನಲ್ಲಿ ಮಿಡತೆಗಳು ಮತ್ತೆ ಬಂದಿದ್ದವು. ಶಾಲೆಯ ಭೂತಕನ್ನಡಿ ಹಿಡಿದು ಕೂತೆ. ಅಂಚಿನ ಭತ್ತದ ಎಲೆಯ ತುದಿಯಲ್ಲಿ, ಕಂದು ನವಿರಿನ ಹೊದಿಕೆಯೊಳಗೆ ಪತಂಗವಿಟ್ಟ ಮೊಟ್ಟೆಗಳು — ಆ ಕಾಂಡದ ಹುಳದವೇ. ಮೈಗಿಂತ ಉದ್ದ ಮೀಸೆಯ ಒಂದು ಹಸಿರು ಮಿಡತೆ ಅವುಗಳನ್ನು ಅವಸರವಿಲ್ಲದೆ ತಿನ್ನುತ್ತಿತ್ತು. ಬೀಜ ಒಂಟಿಯಾಗಿ ತಡೆದಿರಲಿಲ್ಲ, ಬೀರಕ್ಕ. ಅದರ ಕಾವಲನ್ನು ನಾನು ಕೊಂದಿದ್ದೆ. ಅಂದೂ ಬಂದು ಹೇಳಲಿಲ್ಲ.

ಮಾಡಿದ್ದು ಒಂದೇ. ನೀವು ನನ್ನ ಬಾಗಿಲಿಗೆ ಕಟ್ಟಿದ ಆ ಗೊಂಚಲನ್ನು ಗದ್ದೆಯ ಮೂಲೆಯಲ್ಲಿ ಬಿತ್ತಿದ್ದೆ. ಮೊದಲ ವರ್ಷ ಇಲಿಗೆ ಹೆಚ್ಚು ಸಿಕ್ಕಿತು, ನನಗೆ ಕಡಿಮೆ. ಆದರೂ ಪ್ರತಿವರ್ಷ ಬಿತ್ತಿದೆ; ಔಷಧಿ ಹೊಡೆಯಲಿಲ್ಲ, ಬದುವಿನ ಹುಲ್ಲು ಮುಟ್ಟಲಿಲ್ಲ. ಈಗ ನಿಮ್ಮ ಗದ್ದೆಗೆ ಸಾಲುವಷ್ಟು ಬೀಜ ನನ್ನ ಮನೆಯಲ್ಲಿದೆ. ಸಂಜೆಯಾದರೆ ಬದು ಮತ್ತೆ ಚಿರ್ರೆನ್ನುತ್ತದೆ, ಬೆಳ್ಳಕ್ಕಿಗಳೂ ಇಳಿಯುತ್ತವೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಮೀಸೆ ತೋರಿಸುತ್ತೇನೆ. ಹೇಳಿಕೊಟ್ಟವರು ಯಾರೆಂದೂ ಹೇಳುತ್ತೇನೆ. ನಾನು ಮಾಡಿದ್ದನ್ನು ಹೇಳಿಲ್ಲ.

ಕಾಗದದಲ್ಲಿ ಬರೆದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಿಮಗೆ ಓದು ಬರುವುದಿಲ್ಲ. ನಾಳೆ ಬೆಳಿಗ್ಗೆ ಬೀಜ ಹೊತ್ತು ಬಂದು, ಇದನ್ನು ನಿಮ್ಮ ಜಗಲಿಯಲ್ಲಿ ಕೂತು ನಾನೇ ಓದಬೇಕು. ನೀವು ಬೈಯಬಹುದು, ಎದ್ದು ಒಳಗೆ ಹೋಗಬಹುದು, ಬೀಜವನ್ನು ಅಂಗಳಕ್ಕೆ ಎಸೆಯಬಹುದು — ಊಹಿಸುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಏನೇ ಆದರೂ ಒಂದು ಮಾತು ಹೇಳಿಯೇ ಏಳುತ್ತೇನೆ.

ಬೀಜಕ್ಕೆ ವಯಸ್ಸಾಗಿರಲಿಲ್ಲ, ಬೀರಕ್ಕ.