ಚಾಳೀಸಕ್ಕನ ಬದನೆಗೆ ಬಿದ್ದ ಚುಕ್ಕೆಹುಳ

ನಮ್ಮ ಬೀದಿಯಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದವಳನ್ನು ಎಲ್ಲರೂ ಚಾಳೀಸಕ್ಕ ಅನ್ನುತ್ತಿದ್ದರು. ನಡುವಯಸ್ಸು ಮುಟ್ಟಿದ ಯಾರೇ ಅಂಗಡಿಯ ಮುಂದೆ ಹಾದರೂ ಒಳಗೆ ಕರೆದು ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಮೂಗಿಗೊಂದು ಚಾಳೀಸು ಏರಿಸದೆ ಆಕೆ ಕಳಿಸುತ್ತಿರಲಿಲ್ಲ. ತಾನು ಮಾತ್ರ ಹಾಕಿಕೊಳ್ಳಳು. ಹಾಕಿದರೆ ಮುಖಕ್ಕೆ ವಯಸ್ಸು ಬಂದುಬಿಡುತ್ತದೆ ಎಂಬ ಅಳುಕು. ಸೂಜಿಗೆ ದಾರ ಹೋಗದಿದ್ದರೆ ಸೂಜಿ ಮಾಡಿದವನನ್ನು ಬೈಯುತ್ತಿದ್ದಳು, ಪೇಪರ್ ಓದಲಾಗದಿದ್ದರೆ ತನ್ನ ತೋಳೇ ಗಿಡ್ಡ ಎಂದು ದೂರುತ್ತಿದ್ದಳು.

ಮನೆಯ ಹಿಂದೆ ಒಂದಿಷ್ಟು ಜಾಗವಿತ್ತು. ಅಲ್ಲಿ ಬದನೆ ಹಾಕಿದ್ದಳು, ಬರೀ ಬದನೆ, ಶಾಲೆಯ ಮಕ್ಕಳು ನಿಂತಂತೆ ಸಾಲಾಗಿ. ನಡುವೆ ಒಂದು ಹುಲ್ಲು ತಲೆ ಎತ್ತಿದರೂ ಕಿತ್ತು, ಬಿದ್ದ ಎಲೆಯನ್ನೆಲ್ಲ ಗುಡಿಸಿ, ಚಾಪೆಯಿಲ್ಲದೆ ಮಲಗಬಹುದು ಅನ್ನುವಷ್ಟು ಚೊಕ್ಕ ಮಾಡಿದ್ದಳು. ಬುಡಕ್ಕೆ ಬಿಳಿ ಯೂರಿಯಾವನ್ನು ಕೈತುಂಬ ಸುರಿಯುತ್ತಿದ್ದಳು. ಎಲೆಗಳು ಹಸಿರು ಹಪ್ಪಳದಂತೆ ಅಗಲವಾಗಿ, ಮೆತ್ತಗೆ ಬೆಳೆದವು.

ಮೆತ್ತಗಿದ್ದಲ್ಲಿ ಇನ್ನೊಂದು ಗುದ್ದು ಅನ್ನುತ್ತಾರಲ್ಲ, ಹಾಗಾಯಿತು. ಕೆಂಪಗಿನ ಚುಕ್ಕೆಹುಳಗಳು ಊರಿಗೆ ಊರೇ ಬಂದಿಳಿದು, ನರ ಬಿಟ್ಟು ಉಳಿದದ್ದನ್ನೆಲ್ಲ ಕೆರೆದು ತಿಂದವು. ಆಕೆಯ ಗಂಡ ಬಸ್ ಡ್ರೈವರ್. ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಕಸೂತಿ ಚೆನ್ನಾಗಿದೆ, ಕಿಟಕಿಗೆ ಪರದೆ ಮಾಡಬಹುದು ಎಂದು ಹೇಳಿ ಮಲಗಲು ಹೋದನು.

ಚಾಳೀಸಕ್ಕ ಯುದ್ಧಕ್ಕಿಳಿದಳು. ಪಾತ್ರೆ ತೊಳೆಯುವ ಗ್ಲೌಸು ಹಾಕಿಕೊಂಡು, ಸಾಬೂನು ನೀರಿನ ಮಗ್ ಹಿಡಿದು, ಕೆಂಪಗೆ ದುಂಡಗೆ ಕಂಡದ್ದನ್ನೆಲ್ಲ ಅದರೊಳಗೆ ಉದುರಿಸುತ್ತಿದ್ದಳು. ಹಾಗೆ ಮುಳುಗಿದ್ದರಲ್ಲಿ ಗಂಡನ ಅಂಗಿಯ ಗುಂಡಿಯೂ ಒಂದು. ತಟ್ಟೆ ಬಡಿದು ನೋಡಿದಳು. ಪಕ್ಕದ ಮನೆಯವರು ಎದ್ದರು, ಹುಳಗಳು ಏಳಲಿಲ್ಲ. ಗಿಡದ ಬುಡದಲ್ಲಿ ರೇಡಿಯೋ ಇಟ್ಟಳು. ಹುಳಗಳು ಕೇಳುತ್ತ ತಿಂದವು. ವಿಚಿತ್ರವೆಂದರೆ, ಕೊಂದಷ್ಟೂ ಚಿಗುರಿನ ತುಂಬ ರಸ ಹೀರುವ ಹಸಿರು ಹೇನು ಹೆಚ್ಚುತ್ತ ಹೋಯಿತು.

ಒಂದು ಬೆಳಿಗ್ಗೆ ಆಕೆಯ ಅತ್ತೆ ಹಿತ್ತಿಲಿನಿಂದ ಸೆರಗಿನ ತುಂಬ ಬದನೆಕಾಯಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಯಾವ ಅಂಗಡಿಯದು ಎಂದು ಚಾಳೀಸಕ್ಕ ಕೇಳಿದಳು.

"ಅಂಗಡಿ ಯಾಕಮ್ಮಾ, ನಿನ್ನ ನೀರಿನ ತೊಟ್ಟಿ ಹಿಂದೇನೇ ಬಿಟ್ಟಿದೆ."

ತೊಟ್ಟಿಯ ಹಿಂದಿನ ಮೂಲೆಯಲ್ಲಿ, ಸಾಲಿನಲ್ಲಿ ಹಿಡಿಸದೆ ಉಳಿದ ಎರಡು ಸಸಿಗಳನ್ನು ನೆಟ್ಟು ಆಕೆ ಮರೆತೇಬಿಟ್ಟಿದ್ದಳು. ಹೋಗಿ ನೋಡಿದರೆ ಅಲ್ಲಿ ದೊಂಬಿ. ಬದನೆಯ ಸುತ್ತ ಚೆಂಡುಹೂವು, ಹೂಬಿಟ್ಟ ಕೊತ್ತಂಬರಿ, ಬೆಳ್ಳುಳ್ಳಿಯ ಗರಿಗಳು, ಕೆಳಗೆ ದಪ್ಪಗೆ ಒಣಗಿದೆಲೆ. ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ತೂತು, ಅಷ್ಟೇ. ರೂಢಿಯಂತೆ ಆಕೆ ಒಂದು ಕೆಂಪು ಹುಳವನ್ನು ಹಿಡಿಯಲು ಕೈಚಾಚಿದಳು. ಅತ್ತೆ ತಮ್ಮ ಕನ್ನಡಕ ತೆಗೆದು ಸೊಸೆಯ ಮೂಗಿಗೇರಿಸಿದರು. "ಮೊದಲು ನೋಡು, ಆಮೇಲೆ ಕೊಲ್ಲು."

ನೋಡಿದಳು. ಹುಳ ಎಲೆ ತಿನ್ನುತ್ತಿರಲಿಲ್ಲ, ಹೇನು ತಿನ್ನುತ್ತಿತ್ತು. ಒಂದಾದ ಮೇಲೊಂದು, ಕಡಲೆ ಬಾಯಿಗೆ ಹಾಕಿಕೊಂಡಂತೆ. ಓಡಿಹೋಗಿ ಮಗ್ಗಿನ ನೀರು ಬಸಿದು ಸತ್ತ ಹುಳಗಳನ್ನು ಪೇಪರಿನ ಮೇಲೆ ಹರಡಿದಳು. ಅವು ಒಂದೇ ಜಾತಿಯವಲ್ಲ. ಮಂಕು ಬಣ್ಣದ, ಮೈಮೇಲೆ ನವಿರು ರೋಮವಿದ್ದ, ಚುಕ್ಕೆಗಳು ಕಿಕ್ಕಿರಿದವು ಎಲೆಗಳ್ಳರು. ಪಾಲಿಶ್ ಹಾಕಿದಂತೆ ಹೊಳೆಯುವ, ಕೆಲವೇ ಚುಕ್ಕೆಯವು ಕಾವಲುಗಾರರು. ಇಷ್ಟು ದಿನ ಕಳ್ಳರ ಜೊತೆ ಪೊಲೀಸರನ್ನೂ ಮುಳುಗಿಸಿದ್ದಳು. ಆಗ ಕಾಫಿ ಕೇಳಲು ಬಂದ ಗಂಡನನ್ನು ತಲೆ ಎತ್ತಿ ನೋಡಿ, "ಅಲ್ಲಾ ರೀ, ನಿಮ್ಮ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?" ಅಂದಳು.

ಮೂಲೆಯಲ್ಲಿ ಅದನ್ನೆಲ್ಲ ಯಾರು ನೆಟ್ಟರು ಎಂಬ ವಿಚಾರಣೆ ಶುರುವಾಯಿತು. ಮೊಳಕೆ ಬಂದ ಬೆಳ್ಳುಳ್ಳಿ, ಹಳೆಯ ಕೊತ್ತಂಬರಿ ಬೀಜ, ಬಾಡಿದ ಚೆಂಡುಹೂವು, ತರಕಾರಿ ಸಿಪ್ಪೆ, ಗುಡಿಸಿದ ಎಲೆ, ಇವನ್ನೆಲ್ಲ ಬೀದಿಯ ಕೊನೆಯ ಕಸದ ತೊಟ್ಟಿಗೆ ಹಾಕಿ ಬರುವುದು ಗಂಡನ ಕೆಲಸ. ಅಷ್ಟು ದೂರ ನಡೆಯಲಾರದೆ ಅವನು ದಿನವೂ ನೀರಿನ ತೊಟ್ಟಿಯ ಹಿಂದೆ ಸುರಿದು, ಮೇಲೆ ಎಲೆ ಮುಚ್ಚಿ ಬಂದಿದ್ದನು. ಸಿಕ್ಕಿಬಿದ್ದಾಗ ಗಂಟಲು ಸರಿಮಾಡಿಕೊಂಡು, "ನಾನು ಬೇಕಂತಲೇ ಹಾಕಿದ್ದು. ಪ್ರಯೋಗ," ಅಂದನು.

ಅಲ್ಲಿಯ ಮಣ್ಣಿಗೆ ಅತ್ತೆ ಬೆರಳಿಟ್ಟರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಎರೆಹುಳವೊಂದು ಹೊರಳಿತು. ಚಾಳೀಸಕ್ಕನ ಚೊಕ್ಕ ಪಾತಿಯಲ್ಲಿ ಉಗುರು ಮುರಿಯಿತು.

ಅಂದಿನಿಂದ ಯೂರಿಯಾ ನಿಂತಿತು. ಸಿಪ್ಪೆ, ಸೊಪ್ಪು, ಎಲೆ ಕೊಳೆತು ಗೊಬ್ಬರವಾಗಿ ಪಾತಿಗೆ ಬಂದವು. ಸಾಲುಗಳ ನಡುವೆ ಬೆಳ್ಳುಳ್ಳಿ, ಕೊತ್ತಂಬರಿ, ಚೆಂಡುಹೂವು ನುಗ್ಗಿದವು. ಹೂವಿಗೆ ಬಂದ ಸಣ್ಣ ಕಣಜಗಳು ಎಲೆಗಳ್ಳರ ಮರಿಗಳ ಮೈಯಲ್ಲೇ ಮೊಟ್ಟೆಯಿಟ್ಟು ಅವುಗಳ ಕಥೆ ಮುಗಿಸುತ್ತಿದ್ದವು. ಚಾಳೀಸಕ್ಕ ಬೆಳಿಗ್ಗೆ ತಾನೂ ಒಂದು ಚಾಳೀಸು ಏರಿಸಿಕೊಂಡು ಎಲೆ ಮಗುಚಿ, ಹಳದಿ ಮೊಟ್ಟೆಯ ಗುಂಪನ್ನೂ ಮಂಕು ಹುಳಗಳನ್ನೂ ಮಾತ್ರ ಆರಿಸುತ್ತಿದ್ದಳು. ಹೊಸ ಎಲೆಗಳು ಗಟ್ಟಿಯಾಗಿ ಬಂದವು.

ಹುಳಗಳೇನು ಪೂರ್ತಿ ಹೋಗಲಿಲ್ಲ. ನಾಲ್ಕೆಲೆ ತಿಂದು ಹೋಗುವ ನೆಂಟರಂತೆ ಬಂದು ಹೋಗುತ್ತಿದ್ದವು. ಗಂಡ ಮಾತ್ರ ಬಸ್ಸಿನಲ್ಲಿ ಮುಂದಿನ ಸೀಟಿನವರಿಗೆಲ್ಲ ತನ್ನ ಪ್ರಯೋಗದ ಪಾಠ ಹೇಳುತ್ತ, ಕೊಳೆತ ಸಿಪ್ಪೆಯ ಮಹಿಮೆಗೆ ಬರುವಷ್ಟರಲ್ಲಿ ಎರಡು ಸ್ಟಾಪ್ ದಾಟಿಸಿಬಿಡುತ್ತಿದ್ದನು. ಇಳಿಯಬೇಕಾದವರು ಬೈಯುತ್ತ ಹಿಂದಕ್ಕೆ ನಡೆಯುತ್ತಿದ್ದರು, ಕೆಲವರು ಗೊಬ್ಬರಕ್ಕೆಂದು ದಾರಿಯುದ್ದಕ್ಕೂ ಬಿದ್ದ ಎಲೆ ಆರಿಸಿಕೊಳ್ಳುತ್ತ.