ಕೆಂಪು ಬಣ್ಣದ ಕೆಳಗಿನ ಮಾಣಿಕಪ್ಪ

ಹುಚ್ಚಿಗೂ ಒಂದು ಮರ್ಯಾದೆ ಇರಬೇಕು. ಶಹಾಬಾದದ ಫೋಟೊ ಕಲ್ಯಾಣಪ್ಪನ ಹುಚ್ಚಿಗೆ ಅದೂ ಇರಲಿಲ್ಲ. ಮದುವೆಯ ಫೋಟೊ ತೆಗೆಯಲು ಕರೆದರೆ ಮುಖ ಗಂಟು ಹಾಕುತ್ತಿದ್ದವನು, ಜರ್ಮನಿಯ ಲಡಾಯಿ ಸುರುವಾದ ವರ್ಷ ವಾಡಿಯಲ್ಲಿ ನಿಜಾಮರ ರೈಲಿನ ಎಂಜಿನ್ನುಗಳಿಗೆಂದು ಸಿಮೆಂಟಿನ ನೀರಿನ ಗೋಪುರ ಏಳತೊಡಗಿದ್ದೇ ತಡ, ಕ್ಯಾಮೆರಾ ಹೊತ್ತುಕೊಂಡು ಅಲ್ಲೇ ಠಿಕಾಣಿ ಹೂಡಿದ. ಹಾಸುಗಲ್ಲಿನ ಮನೆಗಳನ್ನೇ ಕಂಡು ಬೆಳೆದವನಿಗೆ, ಒಂದು ಸಂದಿಯೂ ಇಲ್ಲದೆ ದುಂಡಗೆ ಎದ್ದ ಆ ಗೋಡೆ, ಅದರ ಮೇಲೆ ಬೀಳುವ ಕಪ್ಪು ನೆರಳು ಕಂಡರೆ ಊಟದ ನೆನಪೂ ಆಗುತ್ತಿರಲಿಲ್ಲ.

ಆದರೆ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರಕೂಡದು. "ಏ, ಸರೀರಪಾ! ಗ್ವಾಡಿ ಗೆರಿ ಕೆಡ್ತದ!" ಎಂದು ಕೂಲಿಯವರನ್ನು ಅಟ್ಟುತ್ತಿದ್ದ. ದಂಡೋತಿಯಿಂದ ಬಂದ ಗಾರೆ ಕೆಲಸದ ಮಾಣಿಕಪ್ಪನೊಬ್ಬ ಮಾತ್ರ ಕೇಳುತ್ತಿರಲಿಲ್ಲ.

"ಕಟ್ಟಾವ್ರು ನಾವು. ಪೋಟೋ ಬರೀ ಗ್ವಾಡಿಗೇನ್ರಿ ಸಾವ್ಕಾರ್ರ?" ಎಂದು ನಗುತ್ತಿದ್ದ. ಒಂದು ದಿನ, ಕಲ್ಯಾಣಪ್ಪ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ, ಗೋಪುರದ ತುದಿಯಲ್ಲಿ ನಿಂತೇಬಿಟ್ಟ. ಕಲ್ಯಾಣಪ್ಪನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು, ಆಕಾಶ ಬೆಳ್ಳಗೆ ಬರಲೆಂದು ನೆಗೆಟಿವ್‌ಗೆ ಬಳಿಯುವ ಕೆಂಪು ಬಣ್ಣವನ್ನು ಅವನ ಮೇಲೂ ಬಳಿದ. ಪ್ರಿಂಟಿನಲ್ಲಿ ಗೋಪುರ ಬಂತು, ಮಾಣಿಕಪ್ಪ ಬರಲಿಲ್ಲ.

ಮರುಬೇಸಿಗೆಯಲ್ಲಿ ಕಾಲರಾ ಬಂತು. ಬೆಳಗ್ಗೆ ಕೆಲಸಕ್ಕೆ ಹೋದ ಮಾಣಿಕಪ್ಪ ಸಂಜೆಗೆ ಮಣ್ಣಾದ. ಹೆಂಡತಿ ಸಾಬಮ್ಮನಿಗೆ ಮುಖ ನೋಡಲೂ ಸಿಗಲಿಲ್ಲ. ತುಂಬಿದ ಬಸುರಿ, ಸುಡುಬಿಸಿಲಲ್ಲಿ ನಡೆದು ಕಲ್ಯಾಣಪ್ಪನ ಬಾಗಿಲಿಗೆ ಬಂದಳು. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಎಂದು ಅವನು, ಮಣ್ಣಿನ ಹರವಿಯ ತಳದಲ್ಲಿದ್ದ ತಣ್ಣೀರನ್ನೆಲ್ಲ ಬಗ್ಗಿಸಿ ಕೊಟ್ಟ.

"ದಿನಾ ಪೋಟೋ ಹೊಡೀತಿದ್ರಂತ. ಒಂದ್ರಾಗರ ನಮ್ಮವ್ರು ಇರಬೇಕಲ್ರಿ ಯಪ್ಪಾ. ಹೊಟ್ಟ್ಯಾಗಿನ ಕೂಸು ನಾಳಿ ಅಪ್ಪ ಹೆಂಗಿದ್ದ ಅಂತ ಕೇಳಿದ್ರ ಏನ್ ತೋರಿಸ್ಲಿ?"

ಕಲ್ಯಾಣಪ್ಪ ಡಬ್ಬಿಗಳನ್ನೆಲ್ಲ ಸುರುವಿ, ಒಂದೊಂದೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗೋಡೆ, ನೆರಳು, ಮೆಟ್ಟಿಲು, ಮತ್ತೆ ಗೋಡೆ. ಥೂ! ಯಾರೂ ಕಟ್ಟದೆ ಗೋಪುರ ತಾನಾಗಿಯೇ ಮೊಳೆತಂತಿತ್ತು. ಕಡೆಗೆ ಸಿಕ್ಕಿತು, ಆ ಕೆಂಪು ಬಳಿದ ಫಿಲ್ಮು.

"ಅದಾನವ್ವಾ, ಅದಾನ! ಕುಂದ್ರು, ಬಣ್ಣ ತೊಳದು ತೋರಸ್ತೀನಿ!"

ಆತುರಗಾರನಿಗೆ ಬುದ್ಧಿ ಮಟ್ಟ. ನಮ್ಮ ಕಡೆಯ ಬೇಸಿಗೆಯಲ್ಲಿ ಫಿಲ್ಮು ತೊಳೆಯುವವರು ಹರವಿಯಲ್ಲಿ ತಣಿದ ನೀರನ್ನಲ್ಲದೆ ಬೇರೆ ಮುಟ್ಟುವುದಿಲ್ಲ. ಬಿಸಿನೀರು ತಾಗಿದರೆ ಫಿಲ್ಮಿನ ಮೇಲಿನ ಚಿತ್ರವೇ ಕರಗಿ ಜಾರುತ್ತದೆ. ಕಲ್ಯಾಣಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹರವಿ ಖಾಲಿಯಾಗಿತ್ತು, ಮುಂದೆ ಅಂಗಳದ ಕಲ್ಲಿನ ತೊಟ್ಟಿ ತುಂಬಿತ್ತು, ಮಧ್ಯಾಹ್ನದ ಬಿಸಿಲಿಗೆ ಆ ನೀರು ಕಾದಿತ್ತು. ಅದರಲ್ಲೇ ಅದ್ದಿದ.

ಬಣ್ಣ ಬಿಟ್ಟಿತು. ಕಪ್ಪು ಬಿಳುಪು ಅದಲುಬದಲಾಗಿದ್ದರೂ ಪಳಗಿದ ಕಣ್ಣಿಗೆ ಸ್ಪಷ್ಟ ಕಂಡಿತು: ಸೊಂಟದ ಮೇಲೆ ಕೈ, ತಲೆಗೆ ಓರೆಯಾಗಿ ಸುತ್ತಿದ ಪಟಗ, ಬಾಯ್ತುಂಬ ನಗು. "ಬಾರವ್ವಾ, ನೋಡು" ಎಂದು ತಿರುಗುವಷ್ಟರಲ್ಲಿ ಚಿತ್ರ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿ ನೀರಿಗೆ ಬಿತ್ತು. ಅಯ್ಯೋ, ಅಯ್ಯೋ ಎಂದು ಕಲ್ಯಾಣಪ್ಪ ಎರಡೂ ಕೈಯಲ್ಲಿ ನೀರು ತಡಕಾಡಿದ. ಬೆರಳಿಗೆ ಲೋಳೆ ಹತ್ತಿತೇ ಹೊರತು ಬೇರೇನೂ ಸಿಗಲಿಲ್ಲ.

ಸಾಬಮ್ಮ ತೊಟ್ಟಿಯ ಪಕ್ಕ ಕುಸಿದು ಕೂತಳು. ಅತ್ತು ಅತ್ತು ದನಿ ಹೋದ ಮೇಲೆ ಕೇಳಿದಳು: "ನೀವರ ನೋಡಿದ್ರಲ್ರಿ?"

"ನೋಡೀನವ್ವಾ."

"ಹೆಂಗಿದ್ರು?"

"ನಗಾಕತ್ತಿದ್ದ."

"ಹಂಗಾದ್ರ ಕೂಸು ಕೇಳಿದ ದಿನ ನಿಮ್ಮಲ್ಲಿಗೇ ಕರಕೊಂಡು ಬರ್ತೀನಿ. ನೀವೇ ಹೇಳಬೇಕ್ರಿ."

ಅಂದಿನಿಂದ ಕಲ್ಯಾಣಪ್ಪನಿಗೆ ಒಂದೇ ಹೆದರಿಕೆ. ಆ ಕೂಸು ಹುಟ್ಟಿ, ಮಾತು ಕಲಿತು, ಬಾಗಿಲಿಗೆ ಬರುವುದರೊಳಗೆ ಮಾಣಿಕಪ್ಪನ ಮುಖ ತನಗೂ ಮರೆತುಹೋದರೆ?