ಆಜ್ಞೆ ಮುಟ್ಟಿಸಿದ ಲಾಮೆಕ್ ಮ್ಫಾಂಡೆ

ಲಾಮೆಕ್ ಮ್ಫಾಂಡೆಯ ಅಜ್ಜ ಯೆಸಾಯಾ ತುದಿ ಸೀಳಿದ ಕೋಲಿಗೆ ಪತ್ರ ಸಿಕ್ಕಿಸಿಕೊಂಡು ಸರೋವರದ ದಡದ ಎನ್‌ಖಾಟಾ ಕೊಲ್ಲಿಯಿಂದ ಬೆಟ್ಟದ ಮಿಷನ್ನಿಗೆ ಓಡುತ್ತಿದ್ದವನು. ಚಿರತೆ ಅಡ್ಡ ಬಂದ ದಿನವೂ ಕೋಲು ಬಿಟ್ಟವನಲ್ಲ. ಅಪ್ಪ ಡೇಮನ್, ಬಿಳಿಯರ ಕೋರ್ಟಿನ ಜವಾನ, ಮೊಸಳೆಯಿದ್ದ ಹೊಳೆಯನ್ನು ಸಮನ್ಸು ತಲೆಗೆ ಕಟ್ಟಿಕೊಂಡು ದಾಟಿದ ಗಂಡಸು. ಇಬ್ಬರೂ ಮರಳಿ ಬಂದು 'ಮುಟ್ಟಿಸಿದೆ' ಎಂದು ಕಳಿಸಿದವರಿಗೆ ಹೇಳಿದ ಮೇಲೆಯೇ ತುತ್ತು ಎತ್ತುತ್ತಿದ್ದರು.

ಲಾಮೆಕ್ ಈಗ ಮ್ಜುಝು ಪಟ್ಟಣದ ಹೈಕೋರ್ಟಿನಲ್ಲಿ ಆಜ್ಞೆ ಮುಟ್ಟಿಸುವ ಅಮೀನ. ಆ ಮಂಗಳವಾರ ನ್ಯಾಯಾಧೀಶರು ಹಿಂದೆಂದೂ ಕೇಳದ ತೀರ್ಪು ಓದಿದರು. ಕಾರಣ ಹೇಳದೆ, ಕೋರ್ಟಿನ ಮುಂದೆ ತಾರದೆ ಯಾರನ್ನೂ ಕೂಡಿಹಾಕುವಂತಿಲ್ಲ, ಸಂವಿಧಾನದ ಹಗ್ಗ ಸರ್ಕಾರದ ಮೂಗಿಗೂ ಉಂಟು. ಹನ್ನೊಂದು ತಿಂಗಳಿಂದ ಜೈಲಿನಲ್ಲಿದ್ದ ಲೊಂಗ್ವೆ ಎಂಬ ಮೇಷ್ಟ್ರನ್ನು ಬಿಡಬೇಕು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ನೆಲ ನೋಡುತ್ತ ಒಬ್ಬೊಬ್ಬರೇ ಎದ್ದು ಹೋದರು. ಬುಧವಾರ ನ್ಯಾಯಾಧೀಶರ ಮನೆಗೆ ಬೀಗ ಬಿದ್ದಿತ್ತು.

ಗುರುವಾರ ಲಾಮೆಕ್ ಆಜ್ಞೆ ಹಿಡಿದು ಜೈಲಿಗೆ ಹೋದ. ಅಧಿಕಾರಿ ಕೈ ಹಿಂದೆ ಕಟ್ಟಿಕೊಂಡು ನಿಂತ. ಲಾಮೆಕ್ ಕಾಗದವನ್ನು ಅವನ ತೋಳಿಗೆ ತಾಗಿಸಿ, ಗಟ್ಟಿಯಾಗಿ ಓದಿ, ಬೂಟಿನ ಮುಂದಿಟ್ಟ. ಕಾನೂನಿಗೆ ಅಷ್ಟು ಮುಟ್ಟಿಸಿದರೆ ಸಾಕು.

"ಯಾವ ಕಾಗದ? ನನಗೇನೂ ಕಾಣ್ತಿಲ್ಲ," ಎಂದ ಅಧಿಕಾರಿ, ನಗುತ್ತಲೇ. "ಅಂದಹಾಗೆ ಅಮೀನ್ರೇ, ನಿಮ್ಮ ಅಂಗಳದ ಮಾವಿನಮರ ಭಾಳ ಒಳ್ಳೇ ನೆರಳು ಕೊಡುತ್ತಂತೆ?"

ಲಾಮೆಕ್ ಅವನಿಗೆ ಆ ಮರದ ಸುದ್ದಿ ಎಂದೂ ಹೇಳಿರಲಿಲ್ಲ.

ಸರೋವರದಂಚಿನ ಊರಿಗೆ ಮರಳುವ ಬಸ್ಸಿನಲ್ಲಿ ಜನ ಜೋತುಬಿದ್ದಿದ್ದರೂ ಅವನ ಪಕ್ಕದ ಸೀಟು ಖಾಲಿ. ನಂಬರಿಲ್ಲದ ಬೂದು ಜೀಪೊಂದು ಇಳಿಜಾರಿನುದ್ದಕ್ಕೂ ಹಿಂದೆ ಬಂತು. ಊರಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ದಿನದಂತೆ ಕೂಗಿ ಮಾತಾಡಿಸಲಿಲ್ಲ. ಅವನು ಮನೆ ಹೊಕ್ಕ ಸ್ವಲ್ಪ ಹೊತ್ತಿಗೆ ಜೀಪು ಮಾವಿನ ನೆರಳಲ್ಲಿ ನಿಂತಿತು. ಯಾರೂ ಇಳಿಯಲಿಲ್ಲ.

ಹಿತ್ತಲಿನಿಂದ ಹೆಂಡತಿಯ ತಮ್ಮ ಕೆನಾನ್ ಏದುಸಿರು ಬಿಡುತ್ತ ಬಂದ. ಮೀನು ಹಿಡಿಯುವವನು.

"ಭಾವ, ಮನೆ ಹಿಂದಿನ ದಡದಲ್ಲಿ ದೋಣಿ ಸಿದ್ಧ ಇದೆ. ಅಕ್ಕನೂ ಬರ್ಲಿ. ಕತ್ತಲಾಗೋದ್ರೊಳಗೆ ನಡುನೀರು ಸೇರಿಬಿಡೋಣ. ಆಚೆ ದಡ ಬೇರೆ ದೇಶ."

"ನಾಳೆ ಕೋರ್ಟಿನ ರಿಜಿಸ್ಟ್ರಾರ್ ಮುಂದೆ, ಕಾಗದ ಮುಟ್ಟಿಸಿದೆ ಅಂತ ನಾನು ಪ್ರಮಾಣ ಮಾಡ್ಬೇಕು ಕಣೋ. ಮಾಡದಿದ್ರೆ ಆ ತೀರ್ಪು ಮೀನು ಕಟ್ಟೋ ಕಾಗದ."

"ಪ್ರಮಾಣ ಮಾಡೋಕೆ ನಾಲಗೆ ಉಳೀಬೇಕಲ್ಲ! ಜಡ್ಜೇ ಕಾಣ್ತಿಲ್ಲ, ಅಮೀನನದೇನು ಗತಿ?"

ಹೆಂಡತಿ ನ್ಯಾಮಾಂಡಾ ಜೋಳದ ಮುದ್ದೆಯನ್ನೂ ಸಣ್ಣಮೀನಿನ ಸಾರನ್ನೂ ತಂದಿಟ್ಟಳು. ಲಾಮೆಕ್ ಮುಟ್ಟದಿದ್ದುದನ್ನು ನೋಡಿ ತಮ್ಮನತ್ತ ತಿರುಗಿದಳು. "ಬಿಡೋ. ಇವರಪ್ಪನೂ ಹೀಗೇ. ಹೇಳೋವರೆಗೂ ಉಣ್ಣಲ್ಲ."

ಹೊರಗೆ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಕೆನಾನ್ ಭಾವನ ರಟ್ಟೆ ಹಿಡಿದೆಳೆದ. ಲಾಮೆಕ್ ಮೆಲ್ಲಗೆ ಬಿಡಿಸಿಕೊಂಡ.

"ದೋಣಿ ತಗೊಂಡು ಹೋಗು ಕೆನಾನ್. ನಾನು ಆಚೆ ದಡ ಸೇರಿದ್ರೆ ಕಾಗದ ಮುಟ್ಟೇ ಇಲ್ಲ ಅಂತಾರೆ, ಮೇಷ್ಟ್ರು ಅಲ್ಲೇ ಕೊಳೀತಾರೆ. ನ್ಯಾಮಾಂಡಾ, ಊಟ ಮುಚ್ಚಿಡು. ನಾಳೆ ಹೇಳಿ ಬಂದು ಉಣ್ತೀನಿ."